ಟಪಾಲಪ್ಪನೂ ಕುದುರೆಗಾಗದ ಗಿಡಗಳೂ

ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ತೆಪ್ಪಗೆ ಕೂತಿದ್ದ ಮನುಷ್ಯನ ಬಾಯಿಂದ ಒಂದು ಸಣ್ಣ ಸುಳ್ಳು ಜಾರಿದರೆ, ಅದಕ್ಕೆ ಎರಡೇ ವಾರದಲ್ಲಿ ನಾಲ್ಕು ಕಾಲು, ಒಂದು ಬಾಲ, ಐದು ಕ್ವಿಂಟಲ್ ತೂಕ ಬಂದುಬಿಡುತ್ತದೆಂದು ಯಾರು ತಾನೇ ಎಣಿಸಿಯಾರು? ಟಪಾಲಪ್ಪನಂತೂ ಎಣಿಸಿರಲಿಲ್ಲ.

ಟಪಾಲಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಪುರಸಭೆಗೆ ಬರುವ ಲಕೋಟೆಗಳನ್ನೆಲ್ಲ ಒಡೆದು, ಮೊಹರು ಒತ್ತಿ, ದಪ್ಪ ವಹಿಯಲ್ಲಿ ನಂಬರು ಬರೆದು, ಆಯಾ ಮೇಜಿಗೆ ಮುಟ್ಟಿಸುವುದು ಅವನ ಕೆಲಸ. ಈ ಕೆಲಸದಲ್ಲಿ ಅವನಿಗೊಂದು ಕೈಚಳಕವಿತ್ತು. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಪತ್ರದ ಬೆನ್ನಿಗೆ ಪಿನ್ನು ಚುಚ್ಚಿ ಕಳಿಸಿದ ಹೆಚ್ಚಿನ ಹಾಳೆಗಳಿಗೆ ಕಚೇರಿಯ ಭಾಷೆಯಲ್ಲಿ 'ಅಡಕ' ಎನ್ನುತ್ತಾರೆ. ಆ ಕಚೇರಿಯ ನಿಯಮದ ಪ್ರಕಾರ ಪತ್ರ ಹೋಗುವುದು ಮೇಜಿಗೆ, ಅಡಕ ಹೋಗುವುದು ಕಬ್ಬಿಣದ ಬೀರುವಿಗೆ. ಬೇಕಾದವರು ಬರೆದು ಕೇಳಬೇಕು. ಟಪಾಲಪ್ಪ ಪತ್ರಕ್ಕೆ ನೋವಾಗದಂತೆ, ಪಿನ್ನಿಗೂ ಗೊತ್ತಾಗದಂತೆ ಅಡಕವನ್ನು ಬಿಡಿಸಿ ಬೀರುವಿಗೆ ಸೇರಿಸುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಬರೆದು ಕೇಳಿದವರು ನಾಲ್ಕು ಜನ. ಅವರಲ್ಲಿ ಇಬ್ಬರಿಗೆ ಬೇಕಾಗಿದ್ದದ್ದು ಪಿನ್ನು.

ಆ ಸೋಮವಾರದ ಸಭೆಯಲ್ಲಿ ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದ. ಮುಖ್ಯಾಧಿಕಾರಿ ಮೇಡಂ ಕನ್ನಡಕ ಏರಿಸಿ ಒಂದು ಆದೇಶ ಓದಿದರು.

"ಜಿಲ್ಲೆಯ ಅಶ್ವದಳ ರದ್ದಾಗಿದೆಯಂತೆ. ಇದ್ದ ಕುದುರೆಗಳನ್ನ ಊರೂರಿಗೆ ಹಂಚ್ತಾ ಇದ್ದಾರೆ. ನಮ್ಮ ಪಾಲಿಗೆ ಒಂದು ಹೆಣ್ಣು ಕುದುರೆ. ವಯಸ್ಸು ಇಪ್ಪತ್ತಮೂರು. ದಳದಲ್ಲಿ ಎಲ್ಲರೂ 'ದೊಡ್ಡಮ್ಮ' ಅಂತ ಕರೀತಾರಂತೆ. ಉದ್ಯಾನದ ಕಾವಲಿಗೆ ಇಟ್ಕೋಬಹುದು. ಸುರಕ್ಷಿತ ವಸತಿ ಇದೆ ಅಂತ ನಾವು ಬರೆದುಕೊಡಬೇಕು. ಇಲ್ಲಾಂದ್ರೆ..." ಮೇಡಂ ಹಾಳೆ ತಿರುಗಿಸಿದರು. "ಇಲ್ಲಾಂದ್ರೆ ವಿಲೇವಾರಿ."

ಹಾಳೆ ಕೆಳಗಿಟ್ಟು ಎಲ್ಲರತ್ತ ನೋಡಿದರು.

"ಇಲ್ಲಿ ಯಾರಿಗಾದ್ರೂ ಕುದುರೆ ಬಗ್ಗೆ ಏನಾದ್ರೂ ಗೊತ್ತೇನ್ರೀ?"

ನೀರಿನ ವಿಭಾಗದವನು ಚಾವಣಿ ನೋಡಿದ. ದೀಪದ ವಿಭಾಗದವನು ನೀರಿನ ವಿಭಾಗದವನನ್ನು ನೋಡಿದ. ಹೆಡ್ ಕ್ಲಾರ್ಕು ಗಂಟಲು ಸರಿಮಾಡಿಕೊಂಡು, "ನಿಯಮ ಏನಿದೆ ನೋಡೋಣ" ಎಂದರು. ಯಾರು ಏನು ಕೇಳಿದರೂ ಅವರು ಹೇಳುತ್ತಿದ್ದದ್ದು ಅದನ್ನೇ. ಹಾಗಾಗಿ ಕಚೇರಿಯಲ್ಲಿ ಅವರಿಗೆ ನಿಯಮಯ್ಯ ಎಂದೇ ಹೆಸರು.

"ಹೋಗಲಿ ಬಿಡಿ, ವಿಲೇವಾರಿ ಅಂತಲೇ ಬರೆದುಬಿಡೋಣ" ಎಂದು ಮೇಡಂ ಪೆನ್ನು ಬಿಚ್ಚಿದರು.

ವಿಲೇವಾರಿ! ಮುರಿದ ಕುರ್ಚಿ, ಹುಳ ಹಿಡಿದ ಕಡತ, ಮುಳ್ಳು ನಿಂತ ಗಡಿಯಾರ, ಇಂಥವಕ್ಕೆಲ್ಲ ಆ ಪದದ ಮೊಹರನ್ನು ಟಪಾಲಪ್ಪ ತಾನೇ ಸಾವಿರ ಸಲ ಒತ್ತಿದ್ದ. ಕಣ್ಣಿರುವ ಪ್ರಾಣಿಗೂ ಅದೇ ಮೊಹರೆಂದು ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಅಂಟಿನ ಕುಂಚ ಲಕೋಟೆ ಬಿಟ್ಟು ಮೊಣಕಾಲಿಗೆ ಹತ್ತಿತು. ಅವನಿಗರಿವಿಲ್ಲದೆ ಬಾಯಿ ತೆರೆಯಿತು.

"ನಮ್ಮ ತಾತನ ಹತ್ರ ಕುದುರೆ ಇತ್ತು, ಮೇಡಂ."

ಹದಿನಾರು ತಲೆಗಳು ಮೂಲೆಯತ್ತ ತಿರುಗಿದವು. ಆ ಮೂಲೆಯಲ್ಲಿ ಒಬ್ಬ ಮನುಷ್ಯ ಇದ್ದಾನೆಂಬುದೇ ಕೆಲವರಿಗೆ ಆವತ್ತು ತಿಳಿಯಿತು.

"ಇಷ್ಟು ದಿನ ಹೇಳಲೇ ಇಲ್ವಲ್ರೀ!" ಎಂದರು ಮೇಡಂ. "ಹಾಗಾದ್ರೆ ನೀವೇ ಉಸ್ತುವಾರಿ. ಉದ್ಯಾನದ ಹಿಂದಿನ ಸೈಕಲ್ ಶೆಡ್ಡನ್ನ ಲಾಯ ಮಾಡಿಸಿ. ಸುರಕ್ಷಿತ ಅಂತ ನೀವು ಸಹಿ ಹಾಕಿ, ಕೆಳಗೆ ನಾನು ಹಾಕ್ತೀನಿ."

ಸಂಜೆಗೆ ಆ ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಿಮ್ಮ ತಾತ ಕುದುರೆ ಸಾಕಿದ್ರಾ?"

"ಇದೆಯಲ್ಲೇ ಫೋಟೋದಲ್ಲಿ."

ಇಬ್ಬರೂ ನಡುಮನೆಯ ಗೋಡೆ ನೋಡಿದರು. ಹಳದಿಗಟ್ಟಿದ ಚಿತ್ರದಲ್ಲಿ ತಾತ ಎದೆಯುಬ್ಬಿಸಿ ಕುದುರೆಯ ಮೇಲೆ ಕೂತಿದ್ದರು. ಹಿಂದೆ ಬಣ್ಣದ ಪರದೆಯ ಮೇಲೆ ಒಂದು ಬೆಟ್ಟ, ಒಂದು ಕೊಳ.

"ಅದರ ಕಾಲಿನ ಕೆಳಗೆ ಚಕ್ರ ಇದೆ ಕಣ್ರೀ."

"ಮೇಡಂ ಚಕ್ರದ ವಿಷಯ ಕೇಳಲಿಲ್ಲ."

"ಫೋಟೋ ಸ್ಟುಡಿಯೋದ ಮರದ ಕುದುರೆ ತೋರಿಸಿ ಜೀವ ಇರೋ ಕುದುರೆ ತರಿಸ್ತಿದ್ದೀರಿ" ಎಂದಳು ಹೆಂಡತಿ. "ಇನ್ನು ಇದು ಎಲ್ಲಿಗೆ ಹೋಗಿ ಮುಟ್ಟುತ್ತೋ, ನಾನೂ ನೋಡ್ತೀನಿ."

ಅದು ಮುಟ್ಟುವ ದಾರಿ ಮುಂದಿನ ವಾರದ ಬುಧವಾರ ಬಂದ ಟಪಾಲಿನಲ್ಲಿ ಮಡಚಿಕೊಂಡು ಕೂತಿತ್ತು. ಅಶ್ವದಳದ ಪಶುವೈದ್ಯೆ ದುಂಡಗಿನ ಕೈಬರಹದಲ್ಲಿ ಬರೆದ ಕಾಗದ. ಒಂದು ಪತ್ರ, ಅದರ ಬೆನ್ನಿಗೆ ಪಿನ್ನು ಚುಚ್ಚಿದ ಇನ್ನೊಂದು ಹಾಳೆ. ಟಪಾಲಪ್ಪನ ಕಣ್ಣು ಮೊದಲ ಸಾಲು ಓದುವಷ್ಟರಲ್ಲಿ ಅವನ ಬೆರಳುಗಳು ತಮ್ಮ ಪಾಡಿಗೆ ತಾವು ಪಿನ್ನು ಬಿಡಿಸಿ, ಎರಡನೆಯ ಹಾಳೆಗೆ 'ಅಡಕ' ಎಂದು ಮೊಹರು ಒತ್ತಿ, ಬೀರುವಿಗೆ ಸೇರಿಸಿ, ಬೀಗ ಹಾಕಿದ್ದವು. ಬೆರಳುಗಳದ್ದೇನೂ ತಪ್ಪಿಲ್ಲ. ಇಪ್ಪತ್ತಾರು ವರ್ಷ ಅವು ಯಾರನ್ನೂ ಕೇಳಿ ಕೆಲಸ ಮಾಡಿದವಲ್ಲ.

ಉಳಿದ ಹಾಳೆಯನ್ನು ಅವನು ಓದಿದ. ಓದಿ ಎದ್ದು ನಿಂತ. ನಿಂತು ಮತ್ತೆ ಓದಿದ.

ಕುದುರೆಗೆ ಆಗದ ಗಿಡಮರಗಳ ಪಟ್ಟಿ ಅದು. ಕಣಗಿಲೆ, ಹರಳು, ದತ್ತೂರಿ, ಗುಲಗಂಜಿ, ಲಂಟಾನ, ಬೆಣ್ಣೆಹಣ್ಣಿನ ಮರದ ಎಲೆ, ಟೊಮ್ಯಾಟೊ ಸೊಪ್ಪು. ಕೆಳಗೆ ಎರಡು ಸಾಲಿನ ಟಿಪ್ಪಣಿ: 'ದೊಡ್ಡಮ್ಮನ ಹೃದಯ ಸುಮಾರು ನಾಲ್ಕು ಕಿಲೋ ತೂಗೀತು. ಅದನ್ನು ನಿಲ್ಲಿಸಲು ಒಂದು ಹಿಡಿ ಕಣಗಿಲೆ ಎಲೆ ಸಾಕು. ನೆನಪಿಡಿ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಹೊಟ್ಟೆಯ ಬಾಗಿಲು ಒಳಕ್ಕೆ ಮಾತ್ರ ತೆರೆಯುತ್ತದೆ.'

ಟಪಾಲಪ್ಪ ಕಿಟಕಿಯಿಂದ ಹೊರಗೆ ನೋಡಿದ. ಪುರಸಭೆಯ ಕಾಂಪೌಂಡಿನುದ್ದಕ್ಕೂ ಗುಲಾಬಿ ಬಣ್ಣದ ಹೂ ಹೊತ್ತು ಕಣಗಿಲೆ ನಿಂತಿತ್ತು. ಇಪ್ಪತ್ತಾರು ವರ್ಷ ಅದನ್ನು ಬರೀ 'ಗಿಡ' ಎಂದು ನೋಡಿದ್ದ ಅವನಿಗೆ ಈಗ ಅದು ತಲೆಯೆತ್ತಿ, ಒರೆಯಿಂದ ಕತ್ತಿ ಹಿರಿದು, ಸಾಲಾಗಿ ನಿಂತ ಸೈನ್ಯದಂತೆ ಕಂಡಿತು. ಎಷ್ಟು ಚೆಂದ! ಎಷ್ಟು ಭಯಂಕರ! ಇಷ್ಟು ಬಲ ಇಟ್ಟುಕೊಂಡು ಇದು ಇಷ್ಟು ವರ್ಷ ಒಂದು ಮಾತೂ ಆಡದೆ ಬರೀ ಹೂ ಬಿಟ್ಟುಕೊಂಡು ನಿಂತಿತ್ತೇ?

ಮನೆಗೆ ಹೋಗುವ ದಾರಿ ಹತ್ತು ನಿಮಿಷದ್ದು. ಆವತ್ತು ಅವನಿಗೆ ಒಂದೂವರೆ ಗಂಟೆ ಹಿಡಿಯಿತು. ಚರಂಡಿಯ ಪಕ್ಕ ಹರಳು ಐದೈದು ಬೆರಳಿನ ಅಂಗೈ ಚಾಚಿ ನಿಂತಿತ್ತು. ಬಸ್ ಸ್ಟಾಪಿನ ಹಿಂದೆ ದತ್ತೂರಿ ಬಿಳಿಯ ಕಹಳೆಯೂದುತ್ತಿತ್ತು. ಡ್ರಾಯಿಂಗ್ ಮೇಷ್ಟ್ರ ಬೆಣ್ಣೆಹಣ್ಣಿನ ಮರ ಇಡೀ ಬೀದಿಗೆ ನೆರಳು ಕೊಟ್ಟು ಏನೂ ಅರಿಯದವರ ಹಾಗೆ ನಿಂತಿತ್ತು. ಪ್ರತಿಯೊಂದರ ಮುಂದೆಯೂ ಅವನು ನಿಂತ, ಪಟ್ಟಿ ನೋಡಿದ, ಗಿಡ ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ. ಒಂದೆರಡು ಕಡೆ ಕೈಯೂ ಮುಗಿದ.

ರಾತ್ರಿಯ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಓದಿ ಹೇಳಿದ. ಅವಳು ಕೇಳಿ, "ಪಾಪ, ಒಳಗೆ ಹೋಗಿದ್ದು ಮತ್ತೆ ಹೊರಗೆ ಬರೋದೇ ಇಲ್ವಾ?" ಎಂದಳು.

"ಇಲ್ಲವಂತೆ."

"ನಿಮ್ಮ ಬೀರು ಇದ್ದ ಹಾಗೆ."

ಅವನು ನಗಲಿಲ್ಲ. ಅವನ ಕಣ್ಣು ಕಿಟಕಿಯಾಚೆ, ಗೇಟಿನ ಪಕ್ಕ ಇದ್ದ ಕಣಗಿಲೆಯ ಮೇಲಿತ್ತು. ಮದುವೆಯಾಗಿ ಬಂದ ವರ್ಷ ಹೆಂಡತಿ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟ ಕಡ್ಡಿ ಅದು. ಅವಳು ಅವನ ಕಣ್ಣು ಹೋದ ಕಡೆ ನೋಡಿದಳು.

"ಕೈ ಇಟ್ಟು ನೋಡಿ" ಎಂದಳು.

ಮರುದಿನ ಬೆಳಿಗ್ಗೆ ಅವನು ಎದ್ದು ಬಾಗಿಲು ತೆಗೆದರೆ ಹೆಂಡತಿ ಆಗಲೇ ಕಣಗಿಲೆಯ ಮುಂದೆ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಆರಿಸುವ ಅಕ್ಕಿ, ಪಕ್ಕದಲ್ಲಿ ನೀರಿನ ಚೊಂಬು. ಮುತ್ತಿಗೆಗೆ ಸಿದ್ಧವಾದ ಕೋಟೆಯ ಹಾಗಿತ್ತು.

ಪುರಸಭೆಯ ನಾಲ್ವರು ಮಾಲಿಗಳು ಗರಗಸ ಹಿಡಿದು ಹೊರಟರು. ಮುಂದೆ ಟಪಾಲಪ್ಪ, ಕೈಯಲ್ಲಿ ಪಟ್ಟಿ, ಕಿಸೆಯಲ್ಲಿ ನಂಬರು ಬರೆದ ಕೆಂಪು ಚೀಟಿಗಳ ಕಂತೆ. ಪಟ್ಟಿಯಲ್ಲಿರುವ ಗಿಡಕ್ಕೆ ಚೀಟಿ ಕಟ್ಟುವುದು, ವಹಿಯಲ್ಲಿ ಬರೆಯುವುದು, ಆಮೇಲೆ ಕಡಿಯುವುದು. ಕುದುರೆ ಉದ್ಯಾನ ದಾಟಿ ಬೀದಿಗೆ ಬರುವುದೇ ಇಲ್ಲವಲ್ಲ ಎಂದು ಮಾಲಿಯೊಬ್ಬ ಕೇಳಿದ. ನಿಯಮಯ್ಯ ಅದಕ್ಕೆ, "ಬರಬಾರದು ಅಂತ ನಿಯಮ ಇದೆಯಾ?" ಎಂದರು. ಇರಲಿಲ್ಲ.

ಜನ ಜಗಳಕ್ಕೆ ಬರುತ್ತಾರೆಂದು ಟಪಾಲಪ್ಪ ಹೆದರಿದ್ದ. ಆದದ್ದೇ ಬೇರೆ. ಡ್ರಾಯಿಂಗ್ ಮೇಷ್ಟ್ರು ಪಟ್ಟಿಯಲ್ಲಿ ತಮ್ಮ ಮರದ ಹೆಸರನ್ನು ಎರಡು ಸಲ ಓದಿಸಿಕೊಂಡು, ಮರವನ್ನು ಬುಡದಿಂದ ತುದಿಯವರೆಗೆ ನೋಡಿ, "ಕುದುರೇನ? ಅಷ್ಟು ದೊಡ್ಡ ಪ್ರಾಣೀನ?" ಎಂದರು. "ಇಪ್ಪತ್ತು ವರ್ಷ ಇದರ ಕೆಳಗೆ ಈಸಿಚೇರಿನಲ್ಲಿ ನಿದ್ದೆ ಮಾಡಿದ್ದೀನಯ್ಯಾ ನಾನು!" ಆಮೇಲೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ಹೇಳಿದರು. ಸಂಜೆಯ ಹೊತ್ತಿಗೆ ಆ ಮರಕ್ಕೆ ಬಲಿಯಾಗಬಲ್ಲ ಪ್ರಾಣಿಗಳ ಸಾಲಿಗೆ ಆನೆಯೂ ಸೇರಿತ್ತು.

ಇದನ್ನು ಕೇಳಿ ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಹೊಲಿಗೆ ಯಂತ್ರ ಬಿಟ್ಟು, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿಬಂದಳು.

"ನಮ್ಮದು ಯಾವ ನಂಬರ್ರು?"

"ನಿಮ್ಮದು ದಾಸವಾಳ ಅಲ್ವಾ? ಅದು ಪಟ್ಟಿಯಲ್ಲಿ ಇಲ್ಲಮ್ಮ."

"ಸರಿಯಾಗಿ ನೋಡಿ."

"ನೋಡಿದೆ. ಕುದುರೆಗೆ ಏನೂ ಮಾಡಲ್ಲ."

"ಏನೂ ಅಂದ್ರೆ? ಒಂಚೂರು ತಲೆನೋವಾದ್ರೂ ಬರಲ್ವಾ?" ಟೈಲರಮ್ಮನ ಮುಖ ಸಣ್ಣದಾಯಿತು. "ಮೇಷ್ಟ್ರ ಮರ ಆನೆ ಬೀಳಿಸುತ್ತೆ, ಆ ಚರಂಡಿ ಪಕ್ಕದ ಹರಳಿಗೂ ಚೀಟಿ ಕಟ್ಟಿದ್ದೀರಿ. ನಾನು ದಿನಾ ನೀರು ಹಾಕಿ ಬೆಳೆಸಿದ ಗಿಡ ಯಾತಕ್ಕೂ ಬಾರದ್ದಾ?"

ಸಮಾಧಾನಕ್ಕೆ ಒಂದು ಚೀಟಿ ಕೊಟ್ಟು ಕಳಿಸಬೇಕಾಯಿತು, ನಂಬರಿಲ್ಲದ್ದು.

ಶುಕ್ರವಾರ ಸಂಜೆಗೆ ನಲವತ್ತು ಚೀಟಿ ಮುಗಿದಿದ್ದವು. ನಲವತ್ತೊಂದನೆಯದು ಟಪಾಲಪ್ಪನ ಸ್ವಂತ ಗೇಟಿನ ಹತ್ತಿರ ಬಂದು ನಿಂತಿತು.

"ಏಳ್ತೀಯಾ?"

"ಏಳಲ್ಲ."

"ನೋಡೇ, ನಾಲ್ಕು ಕಿಲೋ ಹೃದಯ..."

"ನನ್ನದು ಕಾಲು ಕಿಲೋ ಇರಬಹುದು. ಅದಕ್ಕೂ ಒಂದು ಚೀಟಿ ಕಟ್ಟಿ, ಜೊತೆಗೇ ಕಡಿಸಿ" ಎಂದು ಹೆಂಡತಿ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅವನ ಕಾಲ ಬುಡಕ್ಕೆ ಎಸೆದಳು. "ಕುದುರೆ ನನ್ನ ಗೇಟಿಗೆ ಬಂದ್ರೆ ನಾನಿದ್ದೀನಿ. ಬೇರು ಬಿಟ್ಟು ನಿಂತಿರೋದನ್ನ ಅದರ ಪಾಡಿಗೆ ಬಿಡಿ."

ಟಪಾಲಪ್ಪ ನಲವತ್ತೊಂದನೆಯ ಚೀಟಿಯನ್ನು ಕುರ್ಚಿಯ ಕಾಲಿಗೆ ಕಟ್ಟಿ ವಾಪಸಾದ.

ಕಡಿದದ್ದನ್ನು ಊರಾಚೆ ಸುಟ್ಟುಬಿಡೋಣವೆಂದು ಮಾಲಿಗಳು ಗಾಡಿ ತುಂಬುತ್ತಿದ್ದರು. ಅಷ್ಟರಲ್ಲಿ ನಿಯಮಯ್ಯ ಪುಸ್ತಕ ಹಿಡಿದು ಬಂದರು.

"ಆಗಲ್ಲ. ಪುರಸಭೆ ಸರಹದ್ದಿನಲ್ಲಿ ಕಡಿದ ಯಾವುದೇ ಸೊಪ್ಪುಸದೆಯನ್ನ ಪರಿಶೀಲನೆ ಆಗೋವರೆಗೆ ಬೀಗ ಹಾಕಿದ ಕೊಠಡಿಯಲ್ಲಿ ಇಡತಕ್ಕದ್ದು. ಪರಿಶೀಲನೆ ಮಂಗಳವಾರ."

"ಬೀಗ ಇರೋ ಖಾಲಿ ಕೊಠಡಿ ಎಲ್ಲಿದೆ ಸಾರ್?" ಎಂದ ಟಪಾಲಪ್ಪ.

ಎಲ್ಲ ಕೊಠಡಿಗಳೂ ವಿಲೇವಾರಿಯಾಗದ ಕುರ್ಚಿಗಳಿಂದ ತುಂಬಿದ್ದವು. ಖಾಲಿ ಇದ್ದದ್ದು, ಗಟ್ಟಿ ಬಾಗಿಲು ಇದ್ದದ್ದು, ಹೊಸ ಬೀಗ ಇದ್ದದ್ದು ಊರಿನಲ್ಲಿ ಒಂದೇ ಒಂದು: ಸುಣ್ಣ ಹೊಡೆದು ತಯಾರಾಗಿದ್ದ ಲಾಯ.

"ಕುದುರೆ ಬರೋದು ಬುಧವಾರ ಅಲ್ವಾ?" ಎಂದರು ನಿಯಮಯ್ಯ. ಬುಧವಾರವೆಂದು ಯಾರು ಹೇಳಿದರೆಂದು ಯಾರಿಗೂ ತಿಳಿಯದು. ಆದರೆ ಎಲ್ಲರೂ ಹಾಗೆಂದುಕೊಂಡಿದ್ದರು. "ಮಂಗಳವಾರ ಪರಿಶೀಲನೆ, ಮಂಗಳವಾರವೇ ಲಾರಿ, ಬುಧವಾರ ಕುದುರೆ. ಮಧ್ಯೆ ಒಂದು ಇಡೀ ರಾತ್ರಿ ಇದೆ."

ಹೀಗೆ ಊರಿನಲ್ಲಿ ಕುದುರೆಯನ್ನು ಕೊಲ್ಲಬಲ್ಲ ಗಿಡ ಎಲ್ಲೆಲ್ಲಿ ಏನೇನಿತ್ತೋ, ಒಂದನ್ನು ಬಿಟ್ಟು ಅದೆಲ್ಲವನ್ನೂ ಆರಿಸಿ, ಎಣಿಸಿ, ಕತ್ತರಿಸಿ, ಸಣ್ಣಗೆ ಕೊಚ್ಚಿ, ಕುದುರೆ ನಿಲ್ಲುವ ಜಾಗದಲ್ಲಿ ಎದೆಯೆತ್ತರ ಪೇರಿಸಲಾಯಿತು. ಬಾಗಿಲಿಗೆ ಬೀಗ ಬಿತ್ತು. ಬೀಗದ ಮೇಲೆ ಬುಧವಾರದ ಸಮಾರಂಭಕ್ಕೆಂದು ಕೆಂಪು ರಿಬ್ಬನ್ನೂ ಕಟ್ಟಿಯಾಯಿತು. ಟಪಾಲಪ್ಪ ಸಮಾಧಾನದಿಂದ ಕೈ ಕೊಡವಿಕೊಂಡ. ಶನಿವಾರ, ಭಾನುವಾರ ಬಿಸಿಲು ಚೆನ್ನಾಗಿ ಕಾಯಿತು. ತಗಡಿನ ಮಾಡಿನ ಕೆಳಗೆ ಸೊಪ್ಪು ಬಾಡಿತು, ಒಣಗಿತು, ಹದವಾಯಿತು. ಬಾಗಿಲ ಸಂದಿಯಿಂದ ಹಸಿ ಕಹಿಯ ಘಾಟು ಹೋಗಿ ಒಣಹುಲ್ಲಿನ ಸಿಹಿ ವಾಸನೆ ಬರತೊಡಗಿತು.

ಸೋಮವಾರ ಬೆಳಿಗ್ಗೆ ಟಪಾಲಪ್ಪ ಕಚೇರಿಯ ಬೀರು ತೆಗೆದದ್ದು ಬೇರೆ ಯಾವುದಕ್ಕೂ ಅಲ್ಲ, ಒಂದು ಪಿನ್ನಿಗೆ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಬೀರುವಿನ ತುದಿಯಲ್ಲಿ ದುಂಡಗಿನ ಕೈಬರಹ ಕಂಡಿತು. ಇದ್ಯಾವುದಿದು ಎಂದು ಎಳೆದ.

'ಬಹಳ ಮುಖ್ಯ' ಎಂದು ಅದರ ತಲೆಯ ಮೇಲೆ ಎರಡು ಗೆರೆ ಎಳೆದು ಬರೆದಿತ್ತು. ಅದರ ಮೇಲೆಯೇ ಅವನು ಚೊಕ್ಕವಾಗಿ ಮೊಹರು ಒತ್ತಿದ್ದ.

'ದಯವಿಟ್ಟು ಗಿಡಗಳನ್ನು ಕಡಿಯಬೇಡಿ. ಬೇರಿನ ಮೇಲೆ ನಿಂತ ಹಸಿ ಕಣಗಿಲೆ ಕಹಿ. ಹೊಟ್ಟೆ ತುಂಬಿದ ಕುದುರೆ ಅದನ್ನು ಮೂಸಿ ಬಿಟ್ಟುಬಿಡುತ್ತದೆ. ಕಡಿದು ಒಣಗಿಸಿದರೆ ಕಹಿ ಕಡಿಮೆಯಾಗುತ್ತದೆ, ವಿಷ ಹಾಗೆಯೇ ಇರುತ್ತದೆ. ಹುಲ್ಲೆಂದು ತಿಂದುಬಿಡುತ್ತದೆ. ಅಂಥ ಗಿಡ ಲಾಯದ ಹತ್ತಿರ ಇದ್ದರೆ ಕುದುರೆಯ ಕತ್ತಿಗೆ ಎಟುಕದಂತೆ ಬೇಲಿ ಹಾಕಿಸಿ, ಅಷ್ಟು ಸಾಕು. ಇನ್ನೊಂದು ವಿಷಯ: ವಾಹನ ಸಿಗುವುದು ಆ ದಿನ ಮಾತ್ರವಾದ್ದರಿಂದ ದೊಡ್ಡಮ್ಮನನ್ನು ಮುಂದಿನ ಸೋಮವಾರ ಬೆಳಿಗ್ಗೆಯೇ ಕಳಿಸುತ್ತಿದ್ದೇನೆ.'

ಟಪಾಲಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ಆಗಲೇ ಉದ್ಯಾನದ ಕಡೆಯಿಂದ ಒಂದು ಸದ್ದು ಕೇಳಿಸಿತು. ಮರದ ಹಲಗೆಯ ಮೇಲೆ ಕಬ್ಬಿಣ. ಠಕ್. ನಿಧಾನವಾಗಿ, ಇನ್ನೊಂದು ಠಕ್.

ಅವನು ಓಡಿದ. ಅವನು ಓಡಿದ್ದನ್ನು ಕಚೇರಿ ಅಲ್ಲಿಯವರೆಗೆ ಕಂಡಿರಲಿಲ್ಲ. ನೀರಿನ ವಿಭಾಗದವನು ಬೆಂಕಿ ಬಿದ್ದಿದೆಯೆಂದು ತಿಳಿದು ನೀರು ಬಿಡಿಸಿದ. ದೀಪದ ವಿಭಾಗದವನು ನೀರು ಬಂತೆಂದು ದೀಪ ಆರಿಸಿದ.

ಉದ್ಯಾನದಲ್ಲಿ ಆಗಲೇ ಊರು ಸೇರಿತ್ತು. ಆದರೆ ಗದ್ದಲವಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿ, ಅರ್ಧವೃತ್ತವಾಗಿ, ಉಸಿರೂ ಮೆಲ್ಲಗೆ ಬಿಡುತ್ತ ನಿಂತಿದ್ದರು. ಟಪಾಲಪ್ಪ ಅವರ ನಡುವೆ ನುಗ್ಗಿ, ತಲೆಯೆತ್ತಿ, ತಾನೂ ನಿಂತುಬಿಟ್ಟ.

ಬೂದಿಯ ಮೇಲೆ ಹಿಮ ಉದುರಿದಂಥ ಬಣ್ಣ. ಎತ್ತರವೆಂದರೆ ಆಕಾಶದ ಒಂದು ಭಾಗ ಕಾಣದಷ್ಟು ಎತ್ತರ. ಮುಪ್ಪಿಗೆ ಬೆನ್ನು ಒಂದಿಷ್ಟು ಬಾಗಿದ್ದರೂ ಕತ್ತು ಬಾಗಿರಲಿಲ್ಲ. ಅದು ಬಿಲ್ಲಿನಂತೆ ಎದ್ದು, ತಿರುಗಿ, ನೆರೆದವರನ್ನು ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನಾಗಿ ನೋಡಿತು. ಒಂದೊಂದು ಕಣ್ಣಿನಲ್ಲೂ ಇಡೀ ಬೀದಿ, ಮನೆಗಳು, ಜನ, ಮೋಡ ಸಮೇತ ಸಣ್ಣದಾಗಿ ನಿಂತಿತ್ತು. ಕಾಲೂರಿದಾಗ ಆ ಭಾರ ನೆಲಕ್ಕೆ ಇಳಿದು ನೋಡುವವರ ಅಂಗಾಲಿಗೆ ಮುಟ್ಟುತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಟೋಪಿ ತೆಗೆದರು. ಟೈಲರಮ್ಮ ಅಳತೆಪಟ್ಟಿಯ ಒಂದು ತುದಿ ಹಿಡಿದು ಒಮ್ಮೆ ನೋಡಿ, ಸುಮ್ಮನೆ ಮಡಚಿಟ್ಟಳು.

ಪಕ್ಕದಲ್ಲಿ ಲಗಾಮು ಹಿಡಿದು ಒಬ್ಬ ತೆಳ್ಳನೆಯ, ನರೆತ ಮೀಸೆಯ ಸವಾರ ನಿಂತಿದ್ದ. ಹಿಡಿದಿದ್ದನೆಂಬುದು ಹೆಸರಿಗೆ; ಲಗಾಮು ಸಡಿಲವಾಗಿ ಜೋತಾಡುತ್ತಿತ್ತು.

"ಬುಧವಾರ ಅಂದುಕೊಂಡಿದ್ವಿ, ಪರವಾಗಿಲ್ಲ" ಎಂದು ಮೇಡಂ ಸಾವರಿಸಿಕೊಂಡರು. ನಿಯಮಯ್ಯ ಬೀಗ ತೆಗೆದರು. ಮೇಡಂ ರಿಬ್ಬನ್ ಕತ್ತರಿಸಿದರು. ಬಾಗಿಲು ತೆರೆಯಿತು. ಒಳಗಿನ ರಾಶಿ ನೋಡಿ ಮೇಡಂ ಮುಖ ಅರಳಿತು. "ಭೇಷ್! ಹುಲ್ಲು ಸಮೇತ ತಯಾರು ಮಾಡಿದ್ದೀರಿ!"

ಅದು ಹುಲ್ಲಲ್ಲವೆಂದು ನಿಯಮಯ್ಯನಿಗೆ ಗೊತ್ತಿತ್ತು. ಮುಖ್ಯಾಧಿಕಾರಿಯ ಮಾತನ್ನು ಬಾಯಿಮಾತಿನಲ್ಲಿ ತಿದ್ದುವ ನಿಯಮ ಮಾತ್ರ ಅವರ ಪುಸ್ತಕದಲ್ಲಿರಲಿಲ್ಲ. ಅವರು ಪುಟ ತಿರುಗಿಸತೊಡಗಿದರು.

ದೊಡ್ಡಮ್ಮನ ಮೂಗಿನ ಹೊಳ್ಳೆಗಳು ಅರಳಿದವು. ಬೆಳಗಿನಿಂದ ವಾಹನದಲ್ಲಿ ನಿಂತು ಬಂದ ಪ್ರಾಣಿ, ಹಸಿದಿತ್ತು. ಸಿಹಿ ವಾಸನೆಯತ್ತ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಇಟ್ಟಿತು.

ಜೀವವಿರುವ ಕುದುರೆಯನ್ನು ಹತ್ತು ಮಾರು ಹತ್ತಿರದಿಂದಲೂ ನೋಡದಿದ್ದ ಟಪಾಲಪ್ಪ, ಆ ಎತ್ತರಕ್ಕೂ ಆ ಬಾಗಿಲಿಗೂ ನಡುವೆ ಹೋಗಿ ನಿಂತು, ಎರಡು ಕೈ ಅಗಲಿಸಿ ಚೌಕಟ್ಟು ಹಿಡಿದುಕೊಂಡ. ಒಂದು ಕೈಯಲ್ಲಿ ಎರಡನೆಯ ಹಾಳೆ ಹಾರಾಡುತ್ತಿತ್ತು.

"ಬೇಡ, ದೊಡ್ಡಮ್ಮಾ!"

ಅದು ನಿಲ್ಲಲಿಲ್ಲ. ಆ ಮುಖ ಬಂತು, ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಬೆಚ್ಚನೆಯ ಉಸಿರು ಅವನ ಹಣೆಯ ಮೇಲೆ ಬಿದ್ದು ಕೂದಲು ಹಾರಿತು.

"ಇದೇನ್ರೀ ಇದು? ನಿಮ್ಮ ತಾತನ ಮನೇಲಿ ಕುದುರೇನ ಹೀಗೇನಾ ಬರಮಾಡಿಕೊಳ್ತಿದ್ರು?" ಎಂದರು ಮೇಡಂ.

"ನಮ್ಮ ತಾತನ ಕುದುರೆಗೆ ಚಕ್ರ ಇತ್ತು, ಮೇಡಂ!" ಟಪಾಲಪ್ಪ ಕಣ್ಣು ಮುಚ್ಚಿ ಊರಿಗೆಲ್ಲ ಕೇಳುವಂತೆ ಕೂಗಿದ. "ಅದು ಮರದ್ದು! ಒಳಗಿರೋದು ಹುಲ್ಲಲ್ಲ, ವಿಷ! ನಲವತ್ತು ನಂಬರ್ರೂ ಇಲ್ಲೇ ಇದೆ!"

ಸವಾರನ ನಾಲಿಗೆಯಿಂದ ಒಂದು ಸಣ್ಣ ಸದ್ದು ಬಂತು, ಅಷ್ಟೇ. ಐದು ಕ್ವಿಂಟಲ್ ನಿಂತಲ್ಲೇ ನಿಂತಿತು.

ಅವನು ಟಪಾಲಪ್ಪನ ಕಂಕುಳಡಿಯಿಂದ ನುಸುಳಿ ಒಳಗೆ ಹೋದ. ಒಂದು ಹಿಡಿ ಎತ್ತಿ, ಮೂಸಿ, ಬೆಳಕಿಗೆ ಹಿಡಿದ. ಹೊರಗೆ ಬಂದಾಗ ಅವನ ಮುಖ ಲಾಯದ ಸುಣ್ಣಕ್ಕಿಂತ ಬಿಳಿಯಾಗಿತ್ತು.

"ಇದನ್ನ ಇಲ್ಲಿ ತಂದು ತುಂಬಿದ್ದು ಯಾರು?"

"ನಾನೇ."

"ಬಾಗಿಲಿಗೆ ಅಡ್ಡ ನಿಂತಿದ್ದು?"

"ಅದೂ ನಾನೇ."

ಸವಾರ ಅವನನ್ನು ಬಹಳ ಹೊತ್ತು ನೋಡಿದ. ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ಎಂದು ತೀರ್ಮಾನಿಸಲಾಗದೆ, ಅವನ ಕಿತ್ತುಹೋದ ಗುಂಡಿಯ ಜಾಗವನ್ನು ಸರಿಮಾಡಿ ಬಿಟ್ಟ.

"ಆಯ್ತು" ಎಂದರು ಮೇಡಂ ಕತ್ತರಿ ಕೆಳಗಿಟ್ಟು. "ಸುರಕ್ಷಿತ ವಸತಿ ಇಲ್ಲ ಅಂತಾಯ್ತು. ಗಾಡಿ ಇನ್ನೂ ಇಲ್ಲೇ ಇದೆ. ವಾಪಸ್ ಹತ್ತಿಸಿ."

"ವಾಪಸ್ ಹೋದ್ರೆ ಇವಳನ್ನ ಏನು ಮಾಡ್ತಾರೆ ಗೊತ್ತಲ್ವಾ, ಮೇಡಂ?" ಎಂದ ಸವಾರ. ಅವನ ಕೈ ಆ ಬೂದು ಕತ್ತಿನ ಮೇಲಿತ್ತು.

ನಿಯಮಯ್ಯ ಪುಸ್ತಕದಿಂದ ತಲೆಯೆತ್ತಿದರು. "ಸುರಕ್ಷಿತ ಅಂದ್ರೆ ಪಟ್ಟಿಯಲ್ಲಿರೋ ಯಾವ ಸಸ್ಯವೂ ಇಲ್ಲದ ಜಾಗ ಅಂತಷ್ಟೇ ಇದೆ. ಲಾಯವೇ ಆಗಬೇಕು ಅಂತಿಲ್ಲ."

"ಹಾಗಾದ್ರೆ ಟಪಾಲು ವಿಭಾಗ!" ಎಂದ ಟಪಾಲಪ್ಪ. "ಅಲ್ಲ ಸಾರ್, ನೀವೇ ಹೇಳಿ, ಅಲ್ಲಿ ಇಪ್ಪತ್ತಾರು ವರ್ಷದಿಂದ ಹಸಿರು ಅಂತ ಏನಾದ್ರೂ ಹುಟ್ಟಿದೆಯಾ? ಇರೋದು ಮೇಡಂ ಸಹಿಯ ಶಾಯಿ ಒಂದೇ."

ನಿಯಮಯ್ಯ ಯೋಚಿಸಿದರು. ಜೀವಮಾನದಲ್ಲಿ ಮೊದಲ ಸಲ ಪುಸ್ತಕ ಮುಚ್ಚಿದರು. "ಅಲ್ಲಿ ಕುದುರೆ ಕಟ್ಟಬಾರದು ಅಂತ ನಿಯಮ ಇಲ್ಲ" ಎಂದರು.

ಹೀಗೆ ಆ ಬೆಳಿಗ್ಗೆ ಹತ್ತೂವರೆಗೆ ದೊಡ್ಡಮ್ಮ ಪುರಸಭೆಯ ಮೂರು ಮೆಟ್ಟಿಲು ಹತ್ತಿ, ಜೋಡಿ ಬಾಗಿಲಿನಿಂದ ತಲೆ ತಗ್ಗಿಸಿ ಒಳಗೆ ಬಂದು, ವರಾಂಡದ ಎರಡೂ ಕಡೆ ಎದ್ದು ನಿಂತ ಗುಮಾಸ್ತರ ನಡುವೆ ಠಕ್ ಠಕ್ ಎಂದು ನಡೆದು, ಟಪಾಲು ವಿಭಾಗದಲ್ಲಿ ಕಬ್ಬಿಣದ ಬೀರುವಿನ ಪಕ್ಕ ನಿಂತಿತು. ಮುಖ್ಯಾಧಿಕಾರಿ ಬಂದಾಗಲೂ ಅಷ್ಟು ಜನ ಎದ್ದು ನಿಂತದ್ದಿಲ್ಲ. ಲಾಯ ತೊಳೆದು ಒಣಗುವವರೆಗೆ ನಾಲ್ಕು ದಿನ ಅಲ್ಲೇ ವಸತಿಯೆಂದು ಮೇಡಂ ಹಸಿರು ಶಾಯಿಯಲ್ಲಿ ಬರೆದರು. ಆ ಕಾಗದವನ್ನು ಮಾತ್ರ ದೊಡ್ಡಮ್ಮನಿಗೆ ಎಟುಕದ ಎತ್ತರದಲ್ಲಿ ಅಂಟಿಸಲಾಯಿತು.

ಊರು ಕಿಟಕಿಯಲ್ಲಿ ನಿಂತಿತ್ತು. ಟೈಲರಮ್ಮ ಸವಾರನ ಅಪ್ಪಣೆ ಪಡೆದು ಒಂದು ದಾಸವಾಳ ಚಾಚಿದಳು. ದೊಡ್ಡಮ್ಮ ಅದನ್ನು ತುಟಿಯಲ್ಲೇ ತೆಗೆದುಕೊಂಡು, ಅಗಿದು, ಇನ್ನೊಂದಕ್ಕೆ ಕತ್ತು ಚಾಚಿತು. "ನಮ್ಮ ಗಿಡದ್ದು!" ಎಂದು ಟೈಲರಮ್ಮ ಮೇಷ್ಟ್ರತ್ತ ತಿರುಗಿ ಹೇಳಿದಳು. "ನೋಡಿದ್ರಾ? ನಮ್ಮ ಗಿಡದ್ದು!" ಬುಡ ಮಾತ್ರ ಉಳಿದ ಮರದ ಒಡೆಯರಾದ ಮೇಷ್ಟ್ರು ಕೆಮ್ಮಿದರು.

ಐದು ದಿನದ ನಂತರ ಕುರ್ಚಿ ಬಿಟ್ಟು ಎದ್ದ ಹೆಂಡತಿಯೂ ಬಂದಿದ್ದಳು. ಕಂಕುಳಲ್ಲಿ ತಾತನ ಫೋಟೋ. ಅದನ್ನು ದೊಡ್ಡಮ್ಮನಿಗೇ ತೋರಿಸಿ, "ನೋಡಮ್ಮ, ಇವರಿಗೆ ಗೊತ್ತಿದ್ದ ಕುದುರೆ ಇದೊಂದೇ. ಇದಕ್ಕೆ ಏನು ತಿನ್ನಿಸಿದ್ರೂ ಸಾಯ್ತಿರಲಿಲ್ಲ" ಎಂದಳು. ಸವಾರ ಮೀಸೆಯಡಿ ನಕ್ಕ. ಅವಳ ಕಣಗಿಲೆಯ ವಿಷಯ ಕೇಳಿ, "ದಳದ ಅಂಗಳದಲ್ಲೂ ಅಂಥದ್ದೇ ಒಂದಿತ್ತಮ್ಮ, ಬೇಲಿಯಾಚೆ" ಎಂದ. "ಹದಿನೆಂಟು ವರ್ಷ ಇವಳೂ ಅದೂ ದಿನಾ ಮುಖ ನೋಡಿಕೊಂಡೇ ಇದ್ದರು."

ಆಮೇಲೆ ಅವನು ಟಪಾಲಪ್ಪನ ಕೈ ಹಿಡಿದು, ಮುಂಗಾಲಿನ ಹಿಂದೆ ಪಕ್ಕೆಗೆ ಕಿವಿಯಿಡಿಸಿದ. ಮೊದಲು ಏನೂ ಇಲ್ಲ. ಮತ್ತೆ ಎಲ್ಲೋ ಆಳದಲ್ಲಿ, ದೊಡ್ಡ ಮನೆಯ ಒಳಕೋಣೆಯಲ್ಲಿ ಯಾರೋ ನಿಧಾನವಾಗಿ ನಡೆದಂತೆ ಒಂದು ಬಡಿತ. ಅವನು ಇನ್ನೇನು ಮುಗಿಯಿತೆಂದುಕೊಳ್ಳುವಷ್ಟು ಹೊತ್ತು ಬಿಟ್ಟು, ಇನ್ನೊಂದು. ಒಂದು ಹಿಡಿ ಎಲೆ, ಎಂದುಕೊಂಡ ಟಪಾಲಪ್ಪ. ಕಿವಿ ತೆಗೆಯಲು ಮನಸ್ಸಾಗಲಿಲ್ಲ.

"ಇನ್ನು ನಾನು ಹೊರಡಬೇಕು" ಎಂದ ಸವಾರ, ಕಿಸೆಯಿಂದ ಕಾಗದ ತೆಗೆದು. "ಸ್ವೀಕೃತಿ ಹಾಕಿಕೊಡಿ. ಇವಳನ್ನ ಒಪ್ಪಿಸಿ ಅದೇ ಗಾಡಿಯಲ್ಲಿ ವಾಪಸ್ ಬರಬೇಕು ಅಂತ ಆರ್ಡರ್ರು. ನಿವೃತ್ತಿಗೆ ಇನ್ನು ಆರು ತಿಂಗಳಿದೆ, ಗೋಡೌನ್ ಕಾವಲಿಗೆ ಹಾಕಿದ್ದಾರೆ." ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಮ್ಮ ಮಾತ್ರ ಅವನ ಹೆಗಲ ಮೇಲೆ ಗಲ್ಲವಿಟ್ಟು, ಇಷ್ಟು ವರ್ಷ ಅಲ್ಲೇ ಇಟ್ಟು ರೂಢಿಯಾದಂತೆ, ಕಣ್ಣು ಮುಚ್ಚಿತ್ತು.

ಟಪಾಲಪ್ಪ ಕುರ್ಚಿಯಲ್ಲಿ ಕೂತು ಕಾಗದ ತೆಗೆದುಕೊಂಡ. ಎರಡು ಹಾಳೆ. ಮೊದಲನೆಯದರಲ್ಲಿ ಕುದುರೆಯ ವಿವರ. ಅದರ ಬೆನ್ನಿಗೆ ಪಿನ್ನು ಚುಚ್ಚಿದ ಎರಡನೆಯದರಲ್ಲಿ ಸವಾರನದು. ಅವನ ಬೆರಳುಗಳು ಆಗಲೇ ಪಿನ್ನಿನ ತಲೆ ಹಿಡಿದಿದ್ದವು.

ಅವನು ಬೆರಳುಗಳನ್ನು ನೋಡಿದ. ಬೆರಳುಗಳು ಮೆಲ್ಲಗೆ ಹಿಂದೆ ಸರಿದವು.

ವಹಿ ತೆರೆದು ನಂಬರು ಹಾಕಿ ಬರೆದ: 'ಕುದುರೆ, ಹೆಣ್ಣು, ಒಂದು. ಅಡಕ: ಸವಾರ, ಒಬ್ಬ. ಮೂಲದಿಂದ ಬೇರ್ಪಡಿಸಬಾರದು.' ಆಮೇಲೆ ಎದ್ದು ನಿಂತು, ಮೊಹರನ್ನು ಶಾಯಿಯಲ್ಲಿ ಅದ್ದಿ, ಇಡೀ ಮೈಯ ಭಾರ ಹಾಕಿ ಒತ್ತಿದ.

ನಿಯಮಯ್ಯ ಅವನ ಹೆಗಲ ಮೇಲಿಂದ ಬಗ್ಗಿ ಓದಿದರು. "ಹೀಗೆ ಬರೆಯೋದಕ್ಕೆ ನಿಯಮ ಏನಿದೆ?"

"ಗೊತ್ತಿಲ್ಲ ಸಾರ್. ಆದ್ರೆ ವಹಿಯಲ್ಲಿ ಬಂದಾಯ್ತು. ಮೊಹರೂ ಬಿತ್ತು."

ವಹಿಯಲ್ಲಿ ಬಂದದ್ದನ್ನು, ಮೊಹರು ಬಿದ್ದದ್ದನ್ನು ಅಳಿಸುವ ನಿಯಮ ಯಾವ ಪುಸ್ತಕದಲ್ಲೂ ಇಲ್ಲವೆಂದು ನಿಯಮಯ್ಯನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವರು ಕಿಟಕಿಯ ಹತ್ತಿರ ಹೋಗಿ, ಚಾಲಕನಿಗೆ ಹೊರಡು ಎಂದು ಕೈ ಮಾಡಿದರು.

ಖಾಲಿ ಗಾಡಿ ಹೊರಟುಹೋಯಿತು. ದೊಡ್ಡಮ್ಮ ಒಂದು ದೀರ್ಘ ಉಸಿರು ಬಿಟ್ಟಿತು. ಮೇಜಿನ ಮೇಲಿನ ಲಕೋಟೆಗಳೆಲ್ಲ ಹಾರಿ ನೆಲಕ್ಕೆ ಬಿದ್ದವು. ಆ ಎರಡು ಹಾಳೆ ಮಾತ್ರ ಹಾರಿದರೂ ಜೊತೆಯಲ್ಲೇ ಹಾರಿ, ಜೊತೆಯಲ್ಲೇ ಬಿದ್ದವು. ಪಿನ್ನು ಗಟ್ಟಿಯಾಗಿತ್ತು.